ಲ್ಯಾಟಿನ್ ಪರೀಕ್ಷೆಯೂ ಯೋಗ್ಯ ಸ್ಥಾನವೂ

ನಮ್ಮ ಶಾಲೆಯಲ್ಲಿ ಓದಿ ಈಗ ಅಮೆರಿಕದಲ್ಲಿ ನೆಲೆಸಿರುವ ಶಿಷ್ಯರೊಬ್ಬರು ಕಳೆದ ಬೇಸಿಗೆಯಲ್ಲಿ ದೂರವಾಣಿಯ ಮೂಲಕ ನನ್ನೊಡನೆ ಒಂದು ಸಮಸ್ಯೆಯನ್ನು ಪ್ರಸ್ತಾಪಿಸಿದರು. ಅವರ ಮಗಳು ಅಲ್ಲಿಯ ಪ್ರೌಢಶಾಲೆಯಲ್ಲಿ ನಾಲ್ಕು ವರ್ಷ ಲ್ಯಾಟಿನ್ ಭಾಷೆಯನ್ನು ಅಭ್ಯಸಿಸಿ ಕಾಲೇಜನ್ನು ಸೇರುವವಳಿದ್ದಳು. ಪಾಠಗಳು ಆರಂಭವಾಗುವ ಮುನ್ನ ಆ ಕಾಲೇಜಿನವರು ‘ಪ್ಲೇಸ್‌ಮೆಂಟ್ ಟೆಸ್ಟ್’ ಎಂಬ ಸ್ಥಾನನಿರ್ಣಯ ಪರೀಕ್ಷೆಯೊಂದನ್ನು ನಡೆಸುತ್ತಾರೆ. “ಗುರುಗಳೇ, ಇನ್ನು ಆರು ವಾರಗಳಿವೆ. ಕಂಠಪಾಠ ಮಾಡಿಸಿಯಾದರೂ ಮೇಲಿನ ತರಗತಿಗೆ ಏರಿಸಬೇಕೆಂಬುದು ನನ್ನ ಆಸೆ. ಮಗಳಾದರೋ, ಬೇಕೆಂದೇ ನಾಲ್ಕು ತಪ್ಪು ಬರೆದು ಕೆಳಗಿನ ತರಗತಿಯಲ್ಲಿ ಕುಳಿತರೆ ಒಳ್ಳೆಯ ದರ್ಜೆ ಸುಲಭವಾಗಿ ಬರುತ್ತದೆ ಎನ್ನುತ್ತಾಳೆ. ತಾವು ಏನು ಹೇಳುತ್ತೀರಿ?” ಎಂದು ಕೇಳಿದರು.

ಲ್ಯಾಟಿನ್ ನನ್ನ ವಿದ್ಯೆಯಲ್ಲ. ಆದರೆ ಇದೇ ಶಿಷ್ಯರು ಹಿಂದೊಮ್ಮೆ ತಂದುಕೊಟ್ಟಿದ್ದ ವೀಲಾಕ್ ಎಂಬ ವಿದ್ವಾಂಸರ ನಲವತ್ತು ಪಾಠಗಳ ವ್ಯಾಕರಣವನ್ನು ಕುತೂಹಲದಿಂದ ಓದಿದ್ದೆ. 1956ರಲ್ಲಿ ಮೊದಲು ಅಚ್ಚಾದ ಆ ಪುಸ್ತಕ ಅಲ್ಲಿ ಇಂದಿಗೂ ಬಳಕೆಯಲ್ಲಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದುದು ಎಷ್ಟು ಸಾರ್ಥಕವಾದ ಮಾತೆಂಬುದು ಅದನ್ನು ಓದುವಾಗ ಅನುಭವಕ್ಕೆ ಬಂದಿತು. ಆ ಧೈರ್ಯದಿಂದಲೇ ಉತ್ತರ ಹೇಳಿದೆ: ತಂದೆಯೂ ತಪ್ಪು, ಮಗಳೂ ತಪ್ಪು.

ಈ ಪರೀಕ್ಷೆಯಲ್ಲಿ ತೇರ್ಗಡೆಯೂ ಇಲ್ಲ, ಅನುತ್ತೀರ್ಣತೆಯೂ ಇಲ್ಲ. ವಿದ್ಯಾರ್ಥಿ ಮೊದಲಿನಿಂದ ಆರಂಭಿಸಬೇಕೆ, ನಡುವಿನ ತರಗತಿಗೆ ಸೇರಬೇಕೆ, ಅಥವಾ ನೇರವಾಗಿ ಕವಿಗಳ ಕೃತಿಗಳನ್ನು ಓದಬಲ್ಲನೆ ಎಂಬುದನ್ನು ತಿಳಿಯುವುದಷ್ಟೇ ಇದರ ಉದ್ದೇಶ. ಅನೇಕ ಕಾಲೇಜುಗಳಲ್ಲಿ ಭಾಷಾಭ್ಯಾಸ ಕಡ್ಡಾಯವಾಗಿರುವುದರಿಂದ ಮೇಲಿನ ಸ್ಥಾನ ದೊರೆತರೆ ಆ ಋಣ ಬೇಗ ತೀರುತ್ತದೆ, ನಿಜ. ಆದರೆ ಇಲ್ಲದ ಬಲವನ್ನು ತೋರಿಸಿ ಮೇಲೇರಿದವನು ಮೊದಲ ತಿಂಗಳಲ್ಲಿಯೇ ತತ್ತರಿಸುತ್ತಾನೆ. ಇದ್ದ ಬಲವನ್ನು ಬಚ್ಚಿಟ್ಟು ಕೆಳಗೆ ಕುಳಿತವನು ಇದ್ದುದನ್ನೂ ಮರೆಯುತ್ತಾನೆ. ಇಬ್ಬರೂ ವಂಚಿಸುವುದು ತಮ್ಮನ್ನೇ.

ಇದನ್ನು ನಾನು ಸ್ವಾನುಭವದಿಂದ ಬಲ್ಲೆ. ಬಾಲ್ಯದಲ್ಲಿ ಶಬ್ದರೂಪಗಳನ್ನೂ ಅಮರಕೋಶವನ್ನೂ ಉರು ಹಚ್ಚಿಕೊಂಡು, ಕಾವ್ಯ ತರಗತಿಗೆ ಸೇರುವೆನೆಂಬ ಗರ್ವದಿಂದ ಪಾಠಶಾಲೆಗೆ ಹೋದೆ. ಗುರುಗಳು ನಾನು ಎಂದೂ ಕಾಣದ ಗ್ರಂಥದ ಒಂದು ಪುಟವನ್ನು ತೆರೆದು “ಅನ್ವಯ ಹೇಳಪ್ಪಾ” ಎಂದರು. ಬಾಯಿ ಕಟ್ಟಿತು. ಪ್ರಥಮಾ ತರಗತಿಯಲ್ಲಿ ಕುಳ್ಳಿರಿಸಿದರು. ಅಂದು ಅತ್ತೆ; ಇಂದು ಆ ಒಂದು ವರ್ಷವೇ ನನ್ನ ಪಾಂಡಿತ್ಯದ ತಳಹದಿಯೆಂದು ಸ್ಮರಿಸುತ್ತೇನೆ.

ಹಾಗಾದರೆ ಸಿದ್ಧತೆಯೇ ಬೇಡವೆ? ಬೇಕು. ಮರೆತುದನ್ನು ನೆನಪಿಗೆ ತಂದುಕೊಳ್ಳುವುದು ವಂಚನೆಯಲ್ಲ. ಆ ಮಗುವಿಗೆ ನಾನು ಸೂಚಿಸಿದ ಕ್ರಮ ಇಷ್ಟು. ಮೊದಲು ರೂಪಗಳು: ನಾಮಪದಗಳ ಐದು ವರ್ಗಗಳು, ಕ್ರಿಯಾಪದಗಳ ನಾಲ್ಕು ವರ್ಗಗಳು. ಲ್ಯಾಟಿನ್ನಿನಲ್ಲಿ ದ್ವಿವಚನವಿಲ್ಲ, ಸಂಬೋಧನೆ ಸೇರಿ ವಿಭಕ್ತಿಗಳು ಆರು. ನಮ್ಮ ತೃತೀಯೆಯ ಕೆಲಸವನ್ನೂ, ಬಹುಮಟ್ಟಿಗೆ ಸಪ್ತಮಿಯ ಕೆಲಸವನ್ನೂ ಅಲ್ಲಿ ಪಂಚಮಿಯೇ ಹೊತ್ತಿದೆಯಾದ್ದರಿಂದ ಎಡವುವುದು ಹೆಚ್ಚಾಗಿ ಅಲ್ಲಿಯೇ. ಬಳಿಕ ವಾಕ್ಯರಚನೆ: ‘ಉರ್ಬೆ ಕಾಪ್ತಾ’ ಎಂದರೆ ‘ನಗರವು ವಶವಾಗಲಾಗಿ’ ಎಂದರ್ಥ. ನಮ್ಮ ಸತಿಸಪ್ತಮಿಯನ್ನು ಅರಿತವರಿಗೆ ಇದು ಹೊಸದಲ್ಲ. ಅವರು ಅದನ್ನು ಪಂಚಮಿಯಲ್ಲಿ ಹೇಳುತ್ತಾರೆ, ಅಷ್ಟೆ. ಪದಸಂಪತ್ತಿಗೆ ಡಿಕಿನ್‌ಸನ್ ಕಾಲೇಜಿನವರು ಆಯ್ದಿಟ್ಟಿರುವ, ಹೆಚ್ಚು ಬಳಕೆಯ ಸುಮಾರು 1000 ಪದಗಳ ಪಟ್ಟಿ ಸಾಕು.

ಎಲ್ಲಕ್ಕಿಂತ ಮುಖ್ಯವಾದುದು ದಿನಕ್ಕೆ ಹತ್ತು ಪಂಕ್ತಿಗಳ ಅಪರಿಚಿತ ಗದ್ಯ. ಸೀಸರನ ಯುದ್ಧವೃತ್ತಾಂತವಾಗಲಿ, ಪ್ಲಿನಿಯ ಪತ್ರಗಳಾಗಲಿ, ಶಾಲೆಯಲ್ಲಿ ಓದದೆ ಬಿಟ್ಟ ಭಾಗವನ್ನೇ ಆರಿಸಿಕೊಳ್ಳಬೇಕು. ಪಕ್ಕದಲ್ಲಿ ಅನುವಾದವನ್ನು ಇಟ್ಟುಕೊಳ್ಳಬಾರದು. ನಮ್ಮ ಖಂಡಾನ್ವಯದ ಕ್ರಮದಂತೆ ಮೊದಲು ಕ್ರಿಯಾಪದವನ್ನು ಹಿಡಿದು, ಯಾರು, ಯಾವುದನ್ನು, ಯಾವುದರಿಂದ ಎಂದು ಒಂದೊಂದಾಗಿ ಪ್ರಶ್ನಿಸುತ್ತ ಅರ್ಥವನ್ನು ಬಿಡಿಸಬೇಕು. ತಾನು ಬರೆದ ಬಳಿಕವೇ ಅನುವಾದದೊಡನೆ ಹೋಲಿಸಿ, ತಪ್ಪು ವಿಭಕ್ತಿಯದೋ ಕ್ರಿಯಾರೂಪದ್ದೋ ಪದಾರ್ಥದ್ದೋ ಎಂದು ಗುರುತು ಹಾಕಬೇಕು. ಹತ್ತು ದಿನಗಳ ಗುರುತುಗಳನ್ನು ನೋಡಿದರೆ ತನ್ನ ದೌರ್ಬಲ್ಯ ತನಗೇ ಕಾಣುತ್ತದೆ. ಪದ್ಯವನ್ನು ಕೇಳುವ ಕಾಲೇಜಾದರೆ ವರ್ಜಿಲ್ ಕವಿಯ ಆರು ಗಣಗಳ ಛಂದಸ್ಸನ್ನೂ ಅಭ್ಯಸಿಸಬೇಕು. ಅಲ್ಲಿಯೂ ಲಘು-ಗುರುಗಳ ಲೆಕ್ಕವೇ. ಎರಡು ವ್ಯಂಜನಗಳ ಹಿಂದಿನ ಅಕ್ಷರ ಅಲ್ಲಿಯೂ ಸಾಮಾನ್ಯವಾಗಿ ಗುರುವೇ.

ಆ ಹುಡುಗಿ ಹಾಗೆಯೇ ಮಾಡಿದಳು. ನಡುವಿನ ತರಗತಿಯಲ್ಲಿ ಸ್ಥಾನ ದೊರೆಯಿತು. ತಂದೆಗೆ ಸ್ವಲ್ಪ ನಿರಾಶೆ, ಮಗಳಿಗೆ ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಶ್ರಮ. ನನಗೆ ಮಾತ್ರ ಸಂತೋಷವಾಯಿತು. ಏಕೆಂದರೆ ಅವಳು ಈಗ ಓದುತ್ತಿರುವುದು ತನ್ನ ಶಕ್ತಿಗಿಂತ ಒಂದು ಮೆಟ್ಟಿಲು ಮಾತ್ರ ಮೇಲಿರುವ ಪಾಠವನ್ನು.

ಈ ಪ್ರಸಂಗವನ್ನು ಇಲ್ಲಿ ಬರೆದುದಕ್ಕೆ ಕಾರಣವಿದೆ. ನಾವು ಮಕ್ಕಳನ್ನು ವಯಸ್ಸನ್ನೂ ಅಂಕಪಟ್ಟಿಯನ್ನೂ ನೋಡಿ ತರಗತಿಯಲ್ಲಿ ಕುಳ್ಳಿರಿಸುತ್ತೇವೆ. ಮಗು ಏನನ್ನು ಬಲ್ಲದೆಂದು ಕೇಳುವುದಿಲ್ಲ. ಸಂಸ್ಕೃತದಲ್ಲಿ ತುಂಬ ಅಂಕಗಳನ್ನು ಪಡೆದ ವಿದ್ಯಾರ್ಥಿ, ಪಠ್ಯದ ಹೊರಗಿನ ಒಂದು ಸುಲಭ ಶ್ಲೋಕವನ್ನು ಕೊಟ್ಟರೆ ತಲೆ ತಗ್ಗಿಸುವುದನ್ನು ಪ್ರತಿವರ್ಷವೂ ಕಾಣುತ್ತಿದ್ದೇನೆ. ತಪ್ಪು ಅವನದಲ್ಲ, ನಮ್ಮದು. ವರ್ಷಾರಂಭದ ಮೊದಲ ವಾರದಲ್ಲಿ ಅಂಕವಿಲ್ಲದ, ಭಯವಿಲ್ಲದ ಇಂಥದೊಂದು ಪರೀಕ್ಷೆಯನ್ನು ನಮ್ಮ ಅಧ್ಯಾಪಕರು ಏಕೆ ನಡೆಸಬಾರದು? ಅಂಕಗಳಿಗೆ ಪದಕಗಳನ್ನು ಕೊಡುತ್ತ ಬಂದಿರುವ ಉದಾರ ದಾನಿಗಳು, ಕಾಣದ ಪುಟವನ್ನು ಓದಿ ಅರ್ಥ ಹೇಳುವ ಮಗುವಿಗೂ ಒಂದು ಬಹುಮಾನವನ್ನು ಏಕೆ ಇಡಬಾರದು?

ತಾನು ನಿಂತಿರುವ ನೆಲೆಯನ್ನು ಅರಿಯುವುದೇ ಮುಂದಿನ ಹೆಜ್ಜೆಗೆ ಆಧಾರ. ಈ ವಿನಮ್ರ ಸೂಚನೆಯನ್ನು ಸಹೃದಯರು ಪರಿಶೀಲಿಸಲೆಂದು ಪ್ರಾರ್ಥಿಸುತ್ತೇನೆ.