ಒಲೆ ಹಚ್ಚದ ದಿನ

ಬ್ಯಾಡಗಿಯ ದೊಡ್ಡವ್ವನ ಎದುರು ಫೋನಿನ ರೆಕಾರ್ಡರ್ ಒತ್ತಿ ಕೂತ ಮೊದಲ ದಿನ ನಾನು ಕೇಳಿದ ಮೊದಲ ಪ್ರಶ್ನೆಯೇ ಕೆಟ್ಟದ್ದು: "ನೀ ಹುಟ್ಟಿದ್ದು ಯಾವ ಇಸವಿ?" ಆಕೆ ಸೆರಗು ಸರಿಮಾಡಿಕೊಂಡು, ರೇಷನ್ ಕಾರ್ಡಿಗೆ ಫೋಟೋ ತೆಗೆಸಿಕೊಳ್ಳುವವರ ಹಾಗೆ ಬಿಗಿಯಾಗಿ ಕೂತಳು. ಉತ್ತರ ಕೊಟ್ಟವನು ಪಕ್ಕದಲ್ಲಿದ್ದ ಮಗ. ಆಮೇಲಿನ ಅರ್ಧ ತಾಸೂ ಅವನದೇ ಮಾತು.

ಗುರುವಾರ ಮಗ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿದ್ದ. ದೊಡ್ಡವ್ವ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನಾನೂ ಒಂದು ಹಿಡಿ ಎಳೆದುಕೊಂಡೆ. ಹೆಬ್ಬೆರಳಿನಿಂದ ತೊಟ್ಟು ಒತ್ತಿ ಮುರಿಯಬೇಕು, ಬೀಜ ಚೆಲ್ಲಬಾರದು. ನಾನು ಚೆಲ್ಲಿದೆ, ಆಕೆ ಬೈದಳು, ಮಾತು ಶುರುವಾಯಿತು. ಕೈಗೆ ಕೆಲಸವಿದ್ದರೆ ಬಾಯಿಗೆ ಭಯವಿರುವುದಿಲ್ಲವೆಂದು ಕಾಣುತ್ತದೆ. ಹೊಳೆಯಾಚೆ ಹರಿಹರ ಮೈಸೂರು ಸೀಮೆ, ಈಚೆ ರಾಣೆಬೆನ್ನೂರು ಮುಂಬೈ ಸರಕಾರದ್ದು ಅಂತಿದ್ದ ಕಾಲದಿಂದ 1972ರ ಬರದವರೆಗೆ ಹೇಳಿದಳು. ಒಂದಕ್ಕೂ ಇಸವಿಯಿಲ್ಲ. ಬರದ ವರ್ಷ ಆಕೆಗೆ "ಕೆಂಪು ಜ್ವಾಳ ತಿಂದ ವರ್ಷ".

ನಡುವೆ ಒಂದು ಮಾತು ಬಂತು: "ಮಾದೇವಪ್ಪನ್ನ ಹೊಡದದ್ದು ಗಾಂಧಿ ಸತ್ತ ವರ್ಷನ. ಅವತ್ತು ನಮ್ಮನ್ಯಾಗ ಒಲಿ ಹಚ್ಚಲಿಲ್ಲ."

ಮೈಲಾರ ಮಹಾದೇವಪ್ಪ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನವರು. 1930ರಲ್ಲಿ, ಇಪ್ಪತ್ತೂ ತುಂಬದ ವಯಸ್ಸಿನಲ್ಲಿ, ಗಾಂಧೀಜಿಯ ಜೊತೆ ದಂಡಿಗೆ ನಡೆದವರು. ಹೊಸರಿತ್ತಿಯಲ್ಲಿ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋಗಿ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರ ಜೊತೆ ಪೊಲೀಸರ ಗುಂಡಿಗೆ ಬಲಿಯಾದದ್ದು 1943ರ ಏಪ್ರಿಲ್ 1ರಂದು. ಗಾಂಧೀಜಿ ತೀರಿಕೊಂಡದ್ದು 1948ರ ಜನವರಿಯಲ್ಲಿ. ಸುಮಾರು ಐದು ವರ್ಷದ ತಪ್ಪು. ಹಾಗಾದರೆ ಈ ಸಾಕ್ಷ್ಯವನ್ನು ಕಸದ ಬುಟ್ಟಿಗೆ ಹಾಕಬೇಕೆ?

ಇಟಲಿಯ ಮೌಖಿಕ ಇತಿಹಾಸಕಾರ ಅಲೆಸ್ಸಾಂಡ್ರೊ ಪೋರ್ತೆಲ್ಲಿ ಇದೇ ತೊಡಕನ್ನು ಎದುರಿಸಿದವರು. ತೆರ್ನಿ ಪಟ್ಟಣದ ಕಾರ್ಮಿಕ ಲುಯಿಜಿ ತ್ರಾಸ್ತುಲ್ಲಿ 1949ರಲ್ಲಿ, ನ್ಯಾಟೋ ವಿರೋಧಿ ಪ್ರದರ್ಶನದಲ್ಲಿ ಪೊಲೀಸರ ಕೈಯಲ್ಲಿ ಸತ್ತ. ಊರಿನ ಹಲವರ ನೆನಪಿನಲ್ಲಿ ಅವನು ಸತ್ತದ್ದು 1953ರಲ್ಲಿ, ಕಾರ್ಖಾನೆಯಿಂದ ಕಾರ್ಮಿಕರನ್ನು ಸಾಮೂಹಿಕವಾಗಿ ಹೊರಹಾಕಿದಾಗ. ತಮ್ಮ ಅನ್ನ ಹೋದ ದಿನದ ಪಕ್ಕಕ್ಕೆ ಜನ ಆ ಸಾವನ್ನು ತಂದು ಕೂರಿಸಿದ್ದರು. ಈ ತಪ್ಪನ್ನೇ ಪೋರ್ತೆಲ್ಲಿ ಇತಿಹಾಸದ ಸಾಮಗ್ರಿಯೆಂದು ಓದಿದರು. ದೊಡ್ಡವ್ವನದೂ ಹಾಗೇ ಇರಬಹುದು: ಗಾಂಧಿಯ ಜೊತೆ ನಡೆದವನನ್ನು ಆಕೆ ಗಾಂಧಿಯ ಜೊತೆಗೇ ಮಣ್ಣು ಮಾಡಿದ್ದಳು.

ಈ ಓದು ಚೆನ್ನಾಗಿದೆ. ಅಪಾಯವಿರುವುದೂ ಅಲ್ಲೇ. ಕಾಗದದ ದಾಖಲೆಯನ್ನೇ ನಂಬುವವರು ಒಂದು ಕಡೆ ಸೋಮಾರಿಗಳಾದರೆ, ಹಿರಿಯರ ಪ್ರತಿ ತಪ್ಪಿನಲ್ಲೂ ಗೂಢಾರ್ಥ ಹುಡುಕುವ ನಾವು ಇನ್ನೊಂದು ಕಡೆಯ ಸೋಮಾರಿಗಳು. ಪೊಲೀಸ್ ವರದಿಯಲ್ಲಿ ಒಂದು ಮನೆಯ ಒಲೆಯ ಸುದ್ದಿ ಸಿಗುವುದಿಲ್ಲ, ನಿಜ. ಹಾಗೆಂದು ಒಲೆಯ ಸುದ್ದಿಯನ್ನು ಪರೀಕ್ಷಿಸಬೇಕಿಲ್ಲ ಎಂದಾಗುವುದಿಲ್ಲ. ಅಜ್ಜಿ ಹೇಳಿದಳೆಂದು ಕಣ್ಣಿಗೊತ್ತಿಕೊಳ್ಳುವುದು ಗೌರವದಂತೆ ಕಂಡರೂ, ಆಕೆಯನ್ನು ಸಾಕ್ಷಿಯೆಂದು ಗಂಭೀರವಾಗಿ ತೆಗೆದುಕೊಳ್ಳದಿರುವ ಒಂದು ಬಗೆಯೇ. ಸಾಕ್ಷಿ ಅಂದಮೇಲೆ ಪಾಟೀಸವಾಲು ಬೇಕು. ಅದನ್ನು ಆಕೆಗೇ ಹಾಕಿ ನೋಯಿಸಬೇಕಿಲ್ಲ, ಇನ್ನೊಬ್ಬರನ್ನು ಕೇಳಿದರಾಯಿತು.

ರಾಣೆಬೆನ್ನೂರಿನಲ್ಲಿರುವ ಆಕೆಯ ತಂಗಿ ಸಣ್ಣವ್ವ ಹುಟ್ಟಿದ್ದು ಕ್ವಿಟ್ ಇಂಡಿಯಾ ಚಳವಳಿಯ ವರ್ಷ. ಹೊಸರಿತ್ತಿಯ ಗುಂಡಿನ ಹೊತ್ತಿಗೆ ತೊಟ್ಟಿಲ ಕೂಸು. ದೊಡ್ಡವ್ವನ ಒಪ್ಪಿಗೆ ಕೇಳಿ ಒಲೆಯ ಮಾತಿನ ಭಾಗವನ್ನಷ್ಟೇ ಸಣ್ಣವ್ವನಿಗೆ ಕೇಳಿಸಿದೆ. ನಕ್ಕುಬಿಟ್ಟಳು.

"ಒಲಿ ಹಚ್ಚಿರ್ಲಿಲ್ಲ, ಖರೆ. ಆದ್ರ ಹಿತ್ತಲಾಗ ಮೂರು ಕಲ್ಲು ಹೂಡಿ ಹುಡುಗ್ರಿಗೆ ರೊಟ್ಟಿ ಬಡದು ಕೊಟ್ಟಿದ್ರು. ಅಕ್ಕ ದೊಡ್ಡಾಕಿ, ಆಕಿಗೆ ಕೊಡಲಿಲ್ಲ. ನಾ ತಿಂದೀನಿ."

ತೊಟ್ಟಿಲ ಕೂಸು ರೊಟ್ಟಿ ತಿಂದು ನೆನಪಿಟ್ಟುಕೊಳ್ಳುವುದಿಲ್ಲ. ಅಂದರೆ ಅದು 1948ರ ಒಲೆ, ಗಾಂಧಿಯ ಸೂತಕ. 1943ರಲ್ಲೂ ಆ ಮನೆಯ ಒಲೆ ಆರಿತ್ತೋ ಇಲ್ಲವೋ, ಇಬ್ಬರ ಮಾತಿನಿಂದ ತಿಳಿಯುವುದಿಲ್ಲ. ನೋಟ್‌ಬುಕ್ಕಿನಲ್ಲಿ ಇಬ್ಬರದನ್ನೂ ಅವರವರ ಮಾತಿನಲ್ಲೇ ಬರೆದು, ಪಕ್ಕದಲ್ಲಿ ಎರಡು ತಾರೀಖು ಹಾಕಿದೆ. ಬ್ಯಾಡಗಿಗೆ ಫೋನ್ ಮಾಡಿ ರೊಟ್ಟಿಯ ವಿಷಯ ಹೇಳಿದಾಗ ದೊಡ್ಡವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಆಕಿಗೆ ಎಷ್ಟು ರೊಟ್ಟಿ ಕೊಟ್ಟಿದ್ರಂತ?"