ಬೀಗ ಹಾಕಿದ ಮನೆಗೆ ಗೆದ್ದಲೇ ಯಜಮಾನ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯಿಂದ ಊರಿಗೆ ಹೋಗುವ ನಾವೆಲ್ಲ ಸಾವಂತವಾಡಿ ದಾಟಿಯೇ ಹೋಗುತ್ತೇವೆ. ಒಮ್ಮೆ ಅಲ್ಲಿಳಿದು ಅರಮನೆ ನೋಡಿ ಎಂದು ನನ್ನ ವಿನಂತಿ.

1948ರಲ್ಲಿ ಸಂಸ್ಥಾನ ಹೋಯಿತು, 1971ರಲ್ಲಿ ರಾಜಧನವೂ ನಿಂತಿತು. ಆದರೂ ಭೋಂಸಲೆ ಕುಟುಂಬ ಮನೆ ಬಿಡಲಿಲ್ಲ. ಶಿವರಾಮರಾಜೇ ಮತ್ತು ಸತ್ವಶೀಲಾದೇವಿ ದಂಪತಿ ನಶಿಸುತ್ತಿದ್ದ ಗಂಜೀಫಾ ಎಂಬ ದುಂಡನೆ ಇಸ್ಪೀಟೆಲೆಯ ಕಲೆ ಉಳಿಸಿದರು. ದರ್ಬಾರ್ ಹಾಲಿನಲ್ಲೇ ಕಲಾವಿದರಿಗೆ ಕೆಲಸ ಕೊಟ್ಟರು. ಪ್ರವಾಸಿಗರು ಟಿಕೇಟು ತೆಗೆದು ನೋಡುತ್ತಾರೆ, ಎಲೆ ಕೊಳ್ಳುತ್ತಾರೆ. 2020ರ ಬಳಿಕ ಒಂದು ಭಾಗದಲ್ಲಿ ಅತಿಥಿಗಳಿಗೆ ಕೋಣೆಗಳೂ ಆಗಿವೆ. ಮನೆಯೇ ಮನೆಯ ಖರ್ಚಿಗೆ ದುಡಿಯುತ್ತಿದೆ.

ನಮ್ಮ ಗುತ್ತು, ಬೀಡುಗಳ ಗತಿ ಏನು? ವರ್ಷಕ್ಕೊಮ್ಮೆ ಕೋಲಕ್ಕೋ ತಂಬಿಲಕ್ಕೋ ಬಾಗಿಲು ತೆರೆಯುತ್ತದೆ. ಉಳಿದ ದಿನ ಬೀಗ. ಪಾಲುದಾರರು ಇಪ್ಪತ್ತು ಮಂದಿ, ಹಂಚು ಹೊದಿಸುವವರು ಯಾರೂ ಇಲ್ಲ. ಕೊನೆಗೆ ಕಂಬ, ಬಾಗಿಲು ಹಳೇ ಸಾಮಾನಿನ ವ್ಯಾಪಾರಿಯ ಪಾಲು.

ದೈವದ ಕೋಣೆಗೆ ಹೊರಗಿನವರು ಬೇಡ, ಕಟ್ಟುಕಟ್ಟಳೆ ಹಾಗೆಯೇ ಇರಲಿ. ಎರಡು ಕೋಣೆಯನ್ನಾದರೂ ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಎಂದು ನೋಂದಾಯಿಸಬಹುದಲ್ಲ? ನೀರುದೋಸೆ, ಪತ್ರೊಡೆ ಬಡಿಸಲು ನಮಗೆ ಯಾರೂ ಕಲಿಸಬೇಕಿಲ್ಲ. ಲೆಕ್ಕದ ಪುಸ್ತಕ ಒಂದೇ ಇರಲಿ, ಪಾಲುದಾರರೆಲ್ಲ ನೋಡುವಂತಿರಲಿ. ಬಂದ ಹಣ ಮೊದಲು ಮಾಡಿಗೆ, ಆಮೇಲೆ ಪಾಲಿಗೆ.

ಆದರೆ ಕುಟುಂಬದ ಒಬ್ಬರಾದರೂ ಅಲ್ಲಿ ವಾಸವಿರಬೇಕು. ಕೀಲಿಕೈಯನ್ನು ಮ್ಯಾನೇಜರನಿಗೆ ಕೊಟ್ಟು ನಾವು ಇಲ್ಲಿ ಗಲ್ಲಾದಲ್ಲಿ ಕೂತರೆ ಅದು ಲಾಡ್ಜು ಆದೀತು, ಮನೆಯಾಗದು. ಹೋಟೆಲು ಮಕ್ಕಳಿಗೆ ಒಪ್ಪಿಸಿದ ಹಿರಿಯರು ಈ ಬಗ್ಗೆ ಯೋಚಿಸಬೇಕು.