ಯಾರ ಪಾಲಿಗೂ ಬಾರದ ಮೂಲೆಗಳು

ಮನೆಯನ್ನು ಯಾರಿಗಾಗಿ ಶುಚಿಗೊಳಿಸುತ್ತೇವೆ ಎಂದು ಕೇಳಿಕೊಂಡರೆ, ಬಹುತೇಕ ಮನೆಗಳಲ್ಲಿ ಸಿಗುವ ಪ್ರಾಮಾಣಿಕ ಉತ್ತರ ‘ಬರುವವರಿಗಾಗಿ’ ಎಂಬುದೇ. ಅತಿಥಿಯ ದೃಷ್ಟಿ ಎಲ್ಲಿಯವರೆಗೆ ಹರಿಯುತ್ತದೋ ಅಲ್ಲಿಯವರೆಗೆ ಪೊರಕೆಯೂ ಹರಿಯುತ್ತದೆ. ಹಜಾರದ ನೆಲ ಮಿಂಚುತ್ತದೆ. ಸೋಫಾದ ಹೊದಿಕೆ ಬದಲಾಗುತ್ತದೆ. ಗಾಜಿನ ಬೀರುವಿನಲ್ಲಿ ಕೂತ ಚನ್ನಪಟ್ಟಣದ ಗೊಂಬೆಗಳ ಮೈಧೂಳು ಹೋಗುತ್ತದೆ. ಆದರೆ ಫ್ರಿಜ್ಜಿನ ಬೆನ್ನಿಗಿರುವ ನೀರಿನ ತಟ್ಟೆ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ರೆಕ್ಕೆ, ಬಟ್ಟೆ ಒಗೆಯುವ ಯಂತ್ರದ ಬಾಗಿಲಿನ ರಬ್ಬರ್ ಪಟ್ಟಿ, ಬಚ್ಚಲಿನ ಜಾಲರಿಯ ಅಡಿಭಾಗ, ಮಾಳಿಗೆಯ ಮೇಲಿನ ನೀರಿನ ಟ್ಯಾಂಕು ಇವೆಲ್ಲ ವರ್ಷಗಟ್ಟಲೆ ಒಂದು ಕೈಯ ಸ್ಪರ್ಶವನ್ನೂ ಕಾಣುವುದಿಲ್ಲ.

ಇಂಥ ಜಾಗಗಳ ಬಗ್ಗೆ ‘ಕಣ್ಣಿಗೆ ಬೀಳಲಿಲ್ಲ’ ಎನ್ನುವುದು ವಾಡಿಕೆಯ ಮಾತು. ನಮಗೆ ಅದು ಪೂರ್ಣ ಸತ್ಯವೆಂದು ತೋರುವುದಿಲ್ಲ. ಕಣ್ಣಿಗೆ ಬೀಳದ್ದಕ್ಕಿಂತ ಹೆಚ್ಚಾಗಿ, ಅವು ಯಾರ ಪಾಲಿಗೂ ಬಂದಿಲ್ಲ. ಯಾವ ಕೆಲಸಕ್ಕೆ ಒಂದು ದಿನವೂ ಒಬ್ಬರ ಹೆಸರೂ ಗೊತ್ತಾಗಿಲ್ಲವೋ ಆ ಕೆಲಸ ಉಳಿದೇ ಉಳಿಯುತ್ತದೆ. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಇಷ್ಟನ್ನೇ. ಆದರೆ ಇದರ ಪರಿಣಾಮಗಳು ಮನೆಯ ಹೊಸ್ತಿಲನ್ನು ದಾಟಿ ಬಹಳ ದೂರ ಹೋಗುತ್ತವೆ.

ಊರಿನ ಮನೆಗಳಲ್ಲಿ ಆ ದಿನವನ್ನು ಹಬ್ಬಗಳು ಗೊತ್ತುಮಾಡುತ್ತಿದ್ದವು. ಯುಗಾದಿಗೆ ಮುನ್ನ ಗೋಡೆಗೆ ಸುಣ್ಣ ಬೀಳುತ್ತಿತ್ತು. ಅಡುಗೆಮನೆಯ ಜಂತಿಗೆ ಜೋತುಬಿದ್ದ ಇಲ್ಲಣವನ್ನು ಉದ್ದ ಕೋಲಿಗೆ ಪೊರಕೆ ಕಟ್ಟಿ ತೆಗೆಯುತ್ತಿದ್ದರು. ಆಯುಧಪೂಜೆ ಬಂತೆಂದರೆ ಈಳಿಗೆಮಣೆ, ತಕ್ಕಡಿ, ಹೊಲಿಗೆಯಂತ್ರ, ಸೈಕಲ್ಲುಗಳ ಸಂದುಗೊಂದಿನ ಜಿಡ್ಡು ಹೋಗಲೇಬೇಕು. ನರಕ ಚತುರ್ದಶಿಯ ಹಿಂದಿನ ಸಂಜೆಯ ನೀರು ತುಂಬುವ ಹಬ್ಬವಂತೂ ಬಚ್ಚಲುಮನೆಗೇ ಮೀಸಲು. ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಒಲೆಯ ಬೂದಿ ತೆಗೆದು, ಬಚ್ಚಲು ಕಲ್ಲಿನ ಪಾಚಿ ಉಜ್ಜಿ, ಬಳಿಕ ಹೊಸ ನೀರು ತುಂಬುವುದು. ಶ್ರದ್ಧೆಯ ಮಾತು ಹಾಗಿರಲಿ, ಗೃಹಕೃತ್ಯದ ದೃಷ್ಟಿಯಿಂದ ನೋಡಿದರೂ ಇದೊಂದು ಅಚ್ಚುಕಟ್ಟಾದ ವೇಳಾಪಟ್ಟಿ. ವರ್ಷಕ್ಕೊಮ್ಮೆಯಾದರೂ ಮನೆಯ ಯಾವ ಮೂಲೆಯೂ ತಪ್ಪಿಸಿಕೊಳ್ಳುವಂತಿರಲಿಲ್ಲ.

ಹೊರನಾಡಿನ ಫ್ಲ್ಯಾಟುಗಳಿಗೆ ಬಂದ ಮೇಲೆ ಹಬ್ಬ ಉಳಿದಿದೆ, ಹೋಳಿಗೆಯೂ ಉಳಿದಿದೆ. ಹಬ್ಬದ ಹಿಂದಿನ ದಿನ ಕಳೆದುಹೋಗಿದೆ. ಹಂಡೆಯ ಸ್ಥಾನಕ್ಕೆ ಗೀಸರ್ ಬಂದಿದೆ, ಅದನ್ನು ಬೆಳಗುವ ಪ್ರಮೇಯವಿಲ್ಲ. ದೆಹಲಿಯಲ್ಲಿ ನೆರೆಹೊರೆಯವರನ್ನು ನೋಡಿ ದೀಪಾವಳಿಗೆ ಮುನ್ನ ಒಂದು ದೊಡ್ಡ ‘ಸಫಾಯಿ’ ನಡೆಸುವುದುಂಟು. ಅದು ಒಳ್ಳೆಯದೇ. ಆದರೆ ಇಂದಿನ ಮನೆಯ ಮರೆಯ ಜಾಗಗಳು ವರ್ಷಕ್ಕೊಮ್ಮೆಯ ಲೆಕ್ಕಕ್ಕೆ ಸಿಗುವಂಥವಲ್ಲ.

ನೀರಿನಿಂದಲೇ ತೊಡಗೋಣ. ಉತ್ತರದ ಬೇಸಿಗೆಯಲ್ಲಿ ಕೂಲರಿಲ್ಲದ ಸರ್ಕಾರಿ ವಸತಿ ವಿರಳ. ಮಳೆ ಬಿದ್ದ ಕೂಡಲೇ ಅದರ ಬಳಕೆ ನಿಲ್ಲುತ್ತದೆ, ತಳದ ನೀರು ಮಾತ್ರ ಅಲ್ಲೇ ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಚ್ಚೆಯೇ ಬೇಕೆಂದಿಲ್ಲ. ಇಂಥ ತಿಳಿನೀರೇ ಅದಕ್ಕೆ ಪ್ರಿಯ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರಲು 7ರಿಂದ 10 ದಿನ ಸಾಕು. ‘ವಾರಕ್ಕೊಮ್ಮೆ ಒಣಗಿಸಿ’ ಎಂಬ ಸೂಚನೆಯ ಹಿಂದಿರುವ ಲೆಕ್ಕ ಇದೇ. ಆದರೆ ನೀರು ಚೆಲ್ಲಿದರಷ್ಟೇ ಸಾಲದು. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕೆ ತುಸು ಮೇಲೆ, ಒದ್ದೆಯಾದ ಗೋಡೆಗೆ ಅಂಟಿಸುತ್ತದೆ. ಅವು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ಕೂಲರಿನ ಒಳಗೋಡೆಯನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಲೇಬೇಕು. ಫ್ರಿಜ್ಜಿನ ಹಿಂದಿನ ತಟ್ಟೆ, ಕುಂಡಗಳ ಕೆಳಗಿನ ಬಟ್ಟಲು, ಮನಿಪ್ಲಾಂಟ್ ಇಟ್ಟ ಬಾಟಲಿ ಇವಕ್ಕೂ ಇದೇ ನಿಯಮ. ದೆಹಲಿಯ ನಗರಪಾಲಿಕೆಯ ನೌಕರರು ಮನೆಮನೆಗೆ ಬಂದು ಟಾರ್ಚು ಬಿಟ್ಟು ನೋಡುವುದು ಈ ಜಾಗಗಳನ್ನೇ. ಅತಿಥಿ ನೋಡದ ಮನೆಯನ್ನು ಅವರು ನೋಡುತ್ತಾರೆ. ಎಷ್ಟೋ ಮನೆಗಳಲ್ಲಿ ಅವರಿಗೆ ಬಾಗಿಲು ತೆರೆಯುವುದೂ ದುಸ್ತರ.

ಊರು ಬದಲಾದಂತೆ ಮರೆಯ ಜಾಗವೂ ಬದಲಾಗುತ್ತದೆ. ಚೆನ್ನೈ, ಹೈದರಾಬಾದುಗಳಲ್ಲಿ ನೆಲದಡಿಯ ಸಂಪು. ಮುಂಬಯಿ, ಪುಣೆಗಳಲ್ಲಿ ಕಿಟಕಿಯ ಗ್ರಿಲ್ಲಿಗೆ ಕೂತ ಪಾರಿವಾಳಗಳ ಹಿಕ್ಕೆ. ಒಣಗಿದ ಹಿಕ್ಕೆಯ ಧೂಳನ್ನು ದೀರ್ಘಕಾಲ ಉಸಿರಾಡಿದರೆ ಶ್ವಾಸಕೋಶಕ್ಕೆ ಕುತ್ತು; ಅದನ್ನು ಒಣಗಿರುವಂತೆಯೇ ಗುಡಿಸದೆ, ಮೂಗುಬಾಯಿ ಮುಚ್ಚಿಕೊಂಡು, ನೀರು ಹಾಕಿ ನೆನೆಸಿ ತೆಗೆಯಬೇಕು. ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಹಿಂದೆ ಕೂಡಿದ ಜಿಡ್ಡನ್ನು ಒರೆಸುವಾಗ ರಬ್ಬರ್ ಕೊಳವೆಯ ಮೇಲೆ ಅಚ್ಚಾದ ಅವಧಿಯನ್ನೂ ಓದಬೇಕು. ಐದು ವರ್ಷಕ್ಕೆ ಅದು ಬದಲಾಗಬೇಕಾದ ವಸ್ತು. ಪಾತ್ರೆ ತಿಕ್ಕುವ ಸ್ಪಂಜಿನದು ಇನ್ನೊಂದು ವಿಪರ್ಯಾಸ. ಎಲ್ಲವನ್ನೂ ತೊಳೆಯುವ ಅದನ್ನು ತೊಳೆಯುವವರಿಲ್ಲ. 2017ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು, ಆಗಾಗ ಬಿಸಿಮಾಡಿ ಶುದ್ಧೀಕರಿಸಿದ ಸ್ಪಂಜಿನಲ್ಲೂ ಬ್ಯಾಕ್ಟೀರಿಯಾ ಕಡಿಮೆಯಿರಲಿಲ್ಲವೆಂದು ಕಂಡು, ವಾರಕ್ಕೊಮ್ಮೆ ಬದಲಿಸುವುದೇ ಲೇಸೆಂದು ಸೂಚಿಸಿತು.

ಇಷ್ಟೆಲ್ಲ ತಿಳಿದೂ ಈ ಕೆಲಸಗಳು ಏಕೆ ಉಳಿಯುತ್ತವೆ? ದೆಹಲಿಯಲ್ಲಿ ಮನೆಗೆಲಸದವರೊಡನೆ ಆಗುವ ಒಪ್ಪಂದ ಮೂರೇ ಪದಗಳದು: ‘ಝಾಡೂ, ಪೋಛಾ, ಬರ್ತನ್’. ಮುಂಬಯಿಯಲ್ಲಿ ಪೋಛಾ ‘ಕಟ್ಕಾ’ ಆಗುತ್ತದೆ, ಒಪ್ಪಂದ ಬದಲಾಗುವುದಿಲ್ಲ. ಗುಡಿಸುವುದು, ಒರೆಸುವುದು, ಪಾತ್ರೆ. ಈ ಮೂರರ ಹೊರಗಿನದೆಲ್ಲ ಬರೆಯದ ಖಾತೆ. ಆ ಖಾತೆ ಎರಡು ರೀತಿಯಲ್ಲಿ ಚುಕ್ತಾ ಆಗುತ್ತದೆ. ಒಂದೋ ಮನೆಯೊಡತಿ ಭಾನುವಾರ ಸದ್ದಿಲ್ಲದೆ ಮಾಡಿ ಮುಗಿಸುತ್ತಾಳೆ. ಇಲ್ಲವೇ ದೀಪಾವಳಿಯ ಹೊತ್ತಿಗೆ ‘ಸ್ವಲ್ಪ ಇದೂ ನೋಡಮ್ಮ’ ಎಂಬ ಸವಿಮಾತಿನೊಡನೆ ಕೆಲಸದಾಕೆಯ ಹೆಗಲಿಗೆ ಬೀಳುತ್ತದೆ. ಮೊದಲನೆಯದಕ್ಕೆ ಹೆಸರಿಲ್ಲ, ಎರಡನೆಯದಕ್ಕೆ ಕೂಲಿಯಿಲ್ಲ. ‘ಸ್ವಲ್ಪ’ ಎಂಬ ಆ ಪದದಲ್ಲಿ ಏಣಿ ಹತ್ತಿ ಫ್ಯಾನು ಒರೆಸುವ ಅಪಾಯವೂ ಆಸಿಡ್ಡಿನ ಘಾಟೂ ಅಡಗಿರುತ್ತವೆ.

ಇದರ ಜೊತೆಗೆ ಇನ್ನೊಂದು ಕಾರಣವಿದೆ. ಅದನ್ನು ಹೇಳದೆ ಬಿಟ್ಟರೆ ಈ ಚರ್ಚೆಯೂ ಹಜಾರವನ್ನಷ್ಟೇ ಗುಡಿಸಿದಂತಾದೀತು. ಕೆಲವು ಮೂಲೆಗಳು ಉಳಿಯುವುದು ಕಾಣದ್ದರಿಂದಲ್ಲ, ಮುಟ್ಟಲೊಲ್ಲದ್ದರಿಂದ. ಮೇಲೆ ಹೇಳಿದ ಹಬ್ಬಗಳ ವೇಳಾಪಟ್ಟಿಯಲ್ಲಿ ಪಾಯಿಖಾನೆಗೆ ಯಾವ ಹಬ್ಬವೂ ಇರಲಿಲ್ಲ. ಅದಕ್ಕೆ ಮನೆಯ ಹಿಂದೆ ಬೇರೆಯೇ ಗಲ್ಲಿ, ಬೇರೆಯೇ ಜನ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಸಾಲುಮನೆಗಳ ಬೆನ್ನಿಗೆ ಇಂದಿಗೂ ಕಾಣುವ ಕನ್ಸರ್ವೆನ್ಸಿ ಓಣಿಗಳು ಆ ಏರ್ಪಾಟಿನ ಕುರುಹು. ಮಡಿಯ ಕಣ್ಣು ಅಡುಗೆಮನೆಯ ಮೇಲೆ ಎಷ್ಟು ಚುರುಕಾಗಿತ್ತೋ ಆ ಓಣಿಯ ಕಡೆಗೆ ಅಷ್ಟೇ ಕುರುಡಾಗಿತ್ತು.

ನಮ್ಮ ಸಾಹಿತ್ಯವಲಯಕ್ಕೆ ಬಿ. ಬಸವಲಿಂಗಪ್ಪನವರ ಹೆಸರು ಪರಿಚಿತ. 1973ರ ಬೂಸಾ ಪ್ರಕರಣವನ್ನು ಬಲ್ಲವರು ಅನೇಕರು. ಅದೇ ವರ್ಷಗಳಲ್ಲಿ, ದೇವರಾಜ ಅರಸರ ಸಂಪುಟದ ಸಚಿವರಾಗಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದವರೂ ಅವರೇ ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಸಾಹಿತ್ಯದ ಕುರಿತು ಅವರಾಡಿದ ಒಂದು ಮಾತು ನಮ್ಮನ್ನು ಕಲಕಿದಷ್ಟು, ನಮ್ಮ ಹಿತ್ತಿಲ ಕುರಿತು ಅವರು ಕೈಗೊಂಡ ಕ್ರಮ ಕಲಕಲಿಲ್ಲ. ಕೋಲಾರದ ಚಿನ್ನದ ಗಣಿಯ ವಸಾಹತಿನಲ್ಲಿ, ಇದೇ ಕಸುಬಿಗೆ ಕಟ್ಟುಬಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿಗಳ ಹೋರಾಟವನ್ನು ದೇಶವ್ಯಾಪಿಯಾಗಿ ಕಟ್ಟಿದರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 2013ರ ಕಾಯ್ದೆ ಮಲ ಹೊರಿಸುವುದನ್ನಷ್ಟೇ ಅಲ್ಲದೆ, ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನೂ ನಿಷೇಧಿಸಿತು. ಆದರೂ ಸಾವುಗಳು ನಿಲ್ಲಲಿಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಬೇಕಾಯಿತು.

ಇದಕ್ಕೂ ನಮ್ಮ ಬಚ್ಚಲಿನ ಜಾಲರಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ನೇರವಾಗಿದೆ. ಜಾಲರಿಯ ಕೆಳಗೆ ಸೇರಿದ ಕೂದಲ ಉಂಡೆಯನ್ನು ನಾವು ಕೈಯಾರೆ ತೆಗೆಯದಿದ್ದರೆ ಅದು ಕೆಳಗೆ ಜಾರುತ್ತದೆ. ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿದರೆ ಅದು ಕೊಳವೆಯೊಳಗೆ ಹೆಪ್ಪುಗಟ್ಟುತ್ತದೆ. ಸ್ಯಾನಿಟರಿ ಪ್ಯಾಡು, ಮಗುವಿನ ಡೈಪರು, ಒರೆಸುವ ಒದ್ದೆ ಕಾಗದ ಇವು ನೀರಿನಲ್ಲಿ ಕರಗುವ ವಸ್ತುಗಳಲ್ಲ. ಇವೆಲ್ಲ ಸೇರಿ ಎಲ್ಲೋ ಒಂದೆಡೆ ಚರಂಡಿ ಕಟ್ಟಿಕೊಳ್ಳುತ್ತದೆ. ಅಲ್ಲಿಗೆ ಒಬ್ಬ ಮನುಷ್ಯನನ್ನು ಕರೆಸಲಾಗುತ್ತದೆ. ನಮ್ಮ ಮನೆಯಲ್ಲಿ ಐದು ನಿಮಿಷದ ಅಸಹ್ಯವಾಗಿದ್ದುದು ಅವನಿಗೆ ಪ್ರಾಣದ ಪ್ರಶ್ನೆಯಾಗುತ್ತದೆ. ಮನೆಯ ಯಾವ ಕೊಳೆಯೂ ಉಪೇಕ್ಷೆಯಿಂದ ಇಲ್ಲವಾಗುವುದಿಲ್ಲ, ಕೈ ಬದಲಾಗುತ್ತದೆ ಅಷ್ಟೇ.

ನಾವು ಕೇಂದ್ರ ಸರ್ಕಾರದ ನೌಕರರು. ಕಚೇರಿಗಳಲ್ಲಿ 2021ರಿಂದ ಪ್ರತಿ ಅಕ್ಟೋಬರಿನಲ್ಲಿ ನಡೆಯುವ ವಿಶೇಷ ಸ್ವಚ್ಛತಾ ಅಭಿಯಾನವನ್ನು ಬಲ್ಲೆವು. ಬೀರುಗಳ ನೆತ್ತಿಯ ಮೇಲಿನ ಹಳೆಯ ಕಡತ, ಮೆಟ್ಟಿಲ ಕೆಳಗಿನ ಮುರಿದ ಕುರ್ಚಿ, ಕೆಟ್ಟ ಕಂಪ್ಯೂಟರುಗಳು ಆಗ ಹೊರಬರುತ್ತವೆ. ಅದರಲ್ಲಿ ಪ್ರದರ್ಶನದ ಅಂಶ ಇಲ್ಲವೆಂದಲ್ಲ. ‘ಮುಂಚೆ’ ಮತ್ತು ‘ನಂತರ’ದ ಛಾಯಾಚಿತ್ರಗಳಿಗೆ ಅಲ್ಲಿ ಬಹಳ ಮಹತ್ವ. ಆದರೂ ಅದರಿಂದ ಮನೆಗೆ ತರಬಹುದಾದ ಒಂದು ಪಾಠವಿದೆ: ಪ್ರತಿ ಶಾಖೆಯ ಮುಂದೆ ಒಬ್ಬ ನೌಕರನ ಹೆಸರು, ಒಂದು ದಿನಾಂಕ ಇರುತ್ತದೆ. ಹೆಸರು ಬರೆದ ಕೂಡಲೇ ಅದುವರೆಗೆ ಕಾಣದಿದ್ದ ಮೂಲೆ ಕಾಣತೊಡಗುತ್ತದೆ.

ಸ್ವಚ್ಛತೆಯ ಈ ಹಂಬಲ ಗೀಳಾಗಿ ಬೆಳೆದು ಮನೆಮಂದಿಯ ನೆಮ್ಮದಿ ಕೆಡಿಸಬಹುದೆಂಬ ಆಕ್ಷೇಪ ಬರಬಹುದು. ಆಕ್ಷೇಪ ನ್ಯಾಯವಾದದ್ದೇ. ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯಲ್ಲಿ ಪಿಪ್‌ನ ಅಕ್ಕ ಮಿಸೆಸ್ ಜೋಳ ಶುಚಿತ್ವ ಕೊಳೆಗಿಂತಲೂ ಅಸಹನೀಯ. ಅಂಥ ಮನೆ ನಮಗೆ ಬೇಡ. ಮಂಚದಡಿಯ ಧೂಳು ಒಂದು ವಾರ ತಡವಾದರೆ ಆಕಾಶ ಕಳಚಿ ಬೀಳದು. ಅವಸರದ ಶುಚಿತ್ವದಲ್ಲಿ ಅಪಾಯವೂ ಉಂಟು: ಬ್ಲೀಚಿಂಗ್ ದ್ರಾವಣವನ್ನೂ ಪಾಯಿಖಾನೆ ತೊಳೆಯುವ ಆಸಿಡ್ಡನ್ನೂ ಒಟ್ಟಿಗೆ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಇಕ್ಕಟ್ಟಾದ ಬಚ್ಚಲಿನಲ್ಲಿ ಅದು ಮಾರಕ. ನಮ್ಮ ವಾದ ಎಲ್ಲವನ್ನೂ ಸದಾ ತೊಳೆಯಬೇಕೆಂದಲ್ಲ. ಆರೋಗ್ಯಕ್ಕೋ ಇನ್ನೊಬ್ಬರ ಬದುಕಿಗೋ ಎರವಾಗುವ ಹತ್ತು ಜಾಗಗಳನ್ನು ಗುರುತಿಸಿ, ಅವನ್ನು ಹಂಚಿಕೊಳ್ಳಬೇಕೆಂದಷ್ಟೇ.

ಹಂಚಿಕೆ ಹೀಗಿರಬಹುದು. ಅಡುಗೆಮನೆಯ ಬೀರುವಿನ ಬಾಗಿಲ ಒಳಬದಿಗೆ ಒಂದು ಹಾಳೆ: ಜಾಗ, ದಿನ, ಹೆಸರು. ಕೂಲರು, ಫ್ರಿಜ್ಜಿನ ತಟ್ಟೆ, ಕುಂಡದ ಬಟ್ಟಲುಗಳಿಗೆ ವಾರದ ಒಂದು ದಿನ. ಬಚ್ಚಲಿನ ಜಾಲರಿಗೆ ಹದಿನೈದು ದಿನಕ್ಕೊಮ್ಮೆ. ಎಕ್ಸಾಸ್ಟ್ ಫ್ಯಾನಿಗೆ ತಿಂಗಳಿಗೊಮ್ಮೆ. ಟ್ಯಾಂಕಿಗೂ ಸಂಪಿಗೂ ಯುಗಾದಿ ಮತ್ತು ನೀರು ತುಂಬುವ ಹಬ್ಬ. ಆ ಹಳೆಯ ಹೆಸರಿಗೆ ಇದಕ್ಕಿಂತ ತಕ್ಕ ಹೊಸ ಅರ್ಥ ದೊರೆಯದು. ಟ್ಯಾಂಕಿನೊಳಗೆ ಮನುಷ್ಯರನ್ನು ಇಳಿಸದೆ ಉದ್ದ ಹಿಡಿಯ ಬ್ರಷ್ಷಿನಿಂದ, ಯಂತ್ರದಿಂದ ಆಗುವುದಾದರೆ ಹಾಗೆಯೇ ಆಗಲಿ. ಜಾಲರಿ ಮತ್ತು ಪಾಯಿಖಾನೆಯ ಮುಂದೆ ಮನೆಯ ಗಂಡಸರ ಹೆಸರಿರಲಿ. ಮನೆಯ ಗಂಡುಮಕ್ಕಳು ಇದನ್ನು ನೋಡಿ ಬೆಳೆಯಲಿ. ಕೆಲಸದಾಕೆಯ ಹೆಸರು ಬರೆಯುವುದಾದರೆ ಅದರ ಪಕ್ಕದಲ್ಲೇ ಹೆಚ್ಚುವರಿ ಕೂಲಿಯನ್ನೂ ಬರೆಯಬೇಕು, ಕೈಗವಸನ್ನೂ ಕೊಡಬೇಕು.

ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನ ಕಾಯಕ ಶಿವಭಕ್ತರ ಮನೆಯಂಗಳ ಗುಡಿಸುವುದು. ಅದು ಆಕೆಯನ್ನು ಕಿರಿದಾಗಿಸಲಿಲ್ಲ. ಆಕೆ ವಚನಕಾರ್ತಿಯಾದಳು, ಎಂಟು ನೂರು ವರ್ಷಗಳ ಬಳಿಕವೂ ನಮ್ಮ ಸಭೆಗಳಲ್ಲಿ ಆಕೆಯ ಹೆಸರು ಕೇಳಿಬರುತ್ತದೆ. ಹೊರನಾಡಿನ ನಮ್ಮ ಸಂಘಗಳಲ್ಲಿ ಕಾಯಕದ ಮೇಲೆ ಉಪನ್ಯಾಸಗಳಿಗೆ ಕೊರತೆಯಿಲ್ಲ. ಉಪನ್ಯಾಸ ಮುಗಿಸಿ ಮನೆಗೆ ಬಂದವರು ಮರುದಿನ ಬೆಳಿಗ್ಗೆ ಬಚ್ಚಲಿನ ಜಾಲರಿಯನ್ನು ತಾವೇ ಎತ್ತಿ ನೋಡಲಿ. ಕೆಳಗಿರುವುದು ನಮ್ಮದೇ ಕೂದಲು. ತೆಗೆಯಬೇಕಾದ ಕೈಯೂ ನಮ್ಮದೇ.